ಸಾಬವ್ವನ ತಲಿ ಮ್ಯಾಲಿನ ಕೊಡ

ಮೂರನೇ ಕ್ಲಾಸಿನ ಕೋಣಿಯೊಳಗ
ಎಂಟು ಮನಿ ಮಂದಿ, ಎರಡು ಆಡು, ಒಬ್ಬಾಕಿ ಬಾಣಂತಿ.
ಭೀಮಾ ಊರೊಳಗ ಬಂದು ಮೂರು ದಿನ.
ನಾ ಈ ಸಾಲ್ಯಾಗ ಬಿಸಿಯೂಟ ಮಾಡಾಕಿ.
ಈಗೂ ಅದೇ ಹಂಡೇವು, ಅದೇ ಸವಟು,
ಹೆಸರಷ್ಟೇ ಬದಲಾಗ್ಯದ, ಕಾಳಜಿ ಕೇಂದ್ರ ಅಂತಾರ.
ಬ್ಯಾಳಿ ತೆಳ್ಳಗಾದ್ರ ಬೈಸ್ಕೊಳ್ಳಾಕಿ ಮೊದಲಿನಾಕಿನೇ.

ಮಶಾಕ ತನ್ನ ಹೋಟೆಲಿನ ಟೀವಿ
ತಲಿ ಮ್ಯಾಲ ಹೊತ್ತು ತಂದಾನ,
ಹೆಂಡ್ತಿಯ ಹೊಲಿಗಿ ಮಷಿನ್ ಅಲ್ಲೇ ಬಿಟ್ಟು.
ಆಕಿ ಇನ್ನೂ ಅವನ ಜೋಡಿ ಮಾತಾಡಿಲ್ಲ.
ಸಂಜಿ ಎರಡು ತಾಸು ಜನರೇಟರ್, ಡೀಜಲ್ಲಿಗೆ ಎಲ್ಲಾರ ಪಟ್ಟಿ.

ಟೀವಿಯೊಳಗಿನ ಹುಡುಗಿ, ಮಳಿ ಕಾಣದ ಕೂದಲು,
ನಮ್ಮ ಹೊನ್ನಳಗಿಗೆ ಹೊನ್ನಾಳಿ ಅಂತಾಳ.
ಅಲ್ಲಿಯವರೂ ಗಾಬರಿ ಆಗಿರಬೇಕು, ಪಾಪ.
ಉಜನಿಯಿಂದ ಇಷ್ಟು ಲಕ್ಷ ಕ್ಯೂಸೆಕ್ ಅಂತಾಳ.
ಕ್ಯೂಸೆಕ್ ಅಂದ್ರ ಎಷ್ಟು ಕೊಡ್ರೀ, ಅಂತ ಚಂದಮ್ಮ ಕೇಳಿದಳು.
ಮಾಸ್ತರ್ ಬೋರ್ಡಿನ ಮ್ಯಾಲ ಲೆಕ್ಕಾ ಹಚ್ಚಿದರು,
ಸೊನ್ನಿ ಅಂಚು ದಾಟಿ ಹೊಂಟವು, ಅಳಿಸಿಬಿಟ್ಟರು.

ಆಮ್ಯಾಲ ತೋರಿಸಿದರು ನಮ್ಮೂರು.
ಅಗಸಿ. ಅಗಸಿ ಮುಂದ ಬೇವಿನ ಗಿಡ.
ಆ ಗಿಡ ಕಡದು ಎರಡು ವರ್ಷ ಆಯ್ತಲ್ಲ, ಅಂದ ಒಬ್ಬ ಹುಡುಗ.
ಮೂಲ್ಯಾಗ ಕೆಂಪಗ ಬರದದ: ನೇರ ಪ್ರಸಾರ.
ಗಿಡದ ಹಿಂದಿನಿಂದ ಬಂದಳು
ನಡಮಟ ನೀರಾಗ, ಕಚ್ಚಿ ಹಾಕಿ,
ನನ್ನ ನೆಗೆಣ್ಣಿ ಸಾಬವ್ವ.

ಹೋದ ಶ್ರಾವಣದಾಗ ಮಣ್ಣು ಕೊಟ್ಟು ಬಂದೀವಿ ಆಕಿಗೆ.

ಬಾಣಂತಿ ಸುದ್ದಾ ಎದ್ದು ಕುಂತಳು.
ನೇರ ಅಂತ, ನೇರ! ಅಂತ ಯಾರೋ ನಕ್ಕರು,
ನಗು ನಡುವೇ ನಿಂತಿತು.
ಮಂದಿ ಸಾಬವ್ವನ ಮಾರಿ ನೋಡಿದರು.
ನಾ ತಲಿ ಮ್ಯಾಲ ನೋಡಿದೆ.
ನನ್ನ ಹಿತ್ತಾಳಿ ಕೊಡ.
ಕಂಠಕ್ಕ ಬೆಸಗಿ, ಬಗಲಿಗೆ ತಗ್ಗು,
ಅವ್ವ ಕೊಟ್ಟದ್ದು, ಗುರುತು ಹ್ಯಾಂಗ ತಪ್ಪತದ.

ಆ ವರ್ಷ ನೀರು ಇಳಿದ ಮ್ಯಾಲ ಕೇಳಿದ್ದೆ, ನನ್ನ ಕೊಡ ಎಲ್ಲಿ?
ಹೊಳಿ ಒಯ್ತು ಅಂದಳು. ಮಾರಿ ಎತ್ತಲಿಲ್ಲ.
ಹೊಳಿಗೆ ಕೈ ಅದಾವೇನು ಅಂದೆ ನಾನು.
ನಾಕು ವರ್ಷ ಒಂದೇ ಅಂಗಳ, ಒಂದೇ ನಳ,
ಮಾತಿಲ್ಲ.
ಆಕಿ ಜ್ವರ ಬಂದು ಮಲಗಿದಾಗ
ಹುಡುಗನ ಕೈಲೆ ಗಂಜಿ ಕಳಿಸಿದ್ದೆ.
ಬಟ್ಟಲು ತೊಳದು ಬಂತು.

ಟೀವಿಯೊಳಗ ಆಕಿ ನಡೀತಾಳ,
ಒಂದು ಕೈ ಕೊಡಕ್ಕ, ಒಂದು ಕೈ ನೀರಿಗೆ.
ನಮ್ಮ ಕಟ್ಟಿ ತನಕ ಬರ್ತಾಳ. ಅಲ್ಲಿ ದಾರಿ ಎರಡು.
ಬಲಕ್ಕ ನಾವೆಲ್ಲ ನಿಂತಿದ್ದ ಗುಡಿ ಮಾಳಿಗಿ,
ಎಡಕ್ಕ ಆಕಿ ಅಣ್ಣನ ಮನಿ.
ಕಾಲು ಎತ್ತತಾಳ,
ಸಿಮೆಂಟಿನ ಜಾಹೀರಾತು.

ಹತ್ತು ಮಿನಿಟಿಗೊಮ್ಮೆ ಮತ್ತ ಅದೇ ಗಿಡ,
ಅದೇ ಸಾಬವ್ವ, ಎತ್ತಿದ ಅದೇ ಕಾಲು.
ಬ್ಯಾಳಿ ತಳ ಹತ್ತಿತು. ಅವತ್ತು ಯಾರೂ ಬೈಲಿಲ್ಲ.

ಮರುದಿನ ಕಿತ್ತಳಿ ಜಾಕೀಟಿನವರ ಬೋಟಿನ್ಯಾಗ
ಮೈಕಿನ ಹುಡುಗ ಬಂದ.
ಏನು ಕಳಕೊಂಡ್ರಿ ಅಮ್ಮಾ? ಇಲ್ಲಿ ನೋಡಿ ಹೇಳ್ರಿ,
ಸ್ವಲ್ಪ ನೀರಾಗ ಇಳದು ಹೇಳ್ರಿ.
ಇಳದೆ, ಮೊಣಕಾಲ ಮಟ.
ತಮ್ಮಾ, ನಿನ್ನಿ ತೋರಿಸಿದ್ರಲ್ಲ, ಕೊಡದಾಕಿ,
ಮುಂದ ಯಾ ಕಡಿ ಹೊಳ್ಳಿದಳು?
ಅವ ಕ್ಯಾಮೆರಾದವನ ಮಾರಿ ನೋಡಿದ.
ಅದು ಹಳೇದಿರಬೇಕಮ್ಮಾ, ಆಫೀಸಿನವರು ಹಾಕ್ತಾರ,
ಅಷ್ಟೇ ಇರ್ತದ.
ಅಷ್ಟೇ ಹ್ಯಾಂಗ ಇರ್ತದ? ಎತ್ತಿದ ಕಾಲು ಎಲ್ಲ್ಯರ ಇಟ್ಟಿರಬೇಕಲ್ಲ.
ಏನು ಕಳಕೊಂಡ್ರಿ, ಮತ್ತ ಕೇಳಿದ.
ಒಂದು ಕೊಡ ಅಂದೆ.

ಸಂಜಿ ನೋಡಿದೆ. ನೀರಾಗ ನಿಂತೀನಿ,
ಬಾಯಿ ಆಡ್ಲಾಕತ್ತದ, ದನಿ ನಂದಲ್ಲ:
ಸರ್ವಸ್ವವನ್ನೂ ಕಳೆದುಕೊಂಡ ಹೊನ್ನಾಳಿಯ ಮಹಿಳೆ.
ನನ್ನ ಬೆನ್ನಿಗೇ, ಗಿಡದ ಹಿಂದಿನಿಂದ,
ಸಾಬವ್ವ ಬಂದಳು.

ಜನರೇಟರ್ ಆರಸಬ್ಯಾಡ ಅಂದೆ ಮಶಾಕಗ.
ಡೀಜಲ್ಲಿಗೆ ನಂದು ಇನ್ನೂ ಇಪ್ಪತ್ತು ರೂಪಾಯಿ ಹಿಡಿ.